ಗುಂಡಿಯಲ್ಲಿ ನೆಟ್ಟ ಯಮನ ಗದೆ

ಸಾರಕ್ಕಿ ಹಳೇ ಊರಿನ ಬೆನ್ನಿಗಿರುವ ಕಾಲೋನಿಗೆ ಹೋಗಿ ದೇವರಾಜನ ಮನೆ ಯಾವುದು ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಾರೆ. ಯಮನ ಮನೆ ಎಂದರೆ ಸಾಕು, ಬಾಗಿಲವರೆಗೂ ಬಂದು ಬಿಟ್ಟು ಹೋಗುತ್ತಾರೆ. ತಲೆ ತಗ್ಗಿಸದೆ ಯಾವ ಬಾಗಿಲನ್ನೂ ದಾಟಲಾಗದ ಎತ್ತರ, ಎರಡು ಆಳಿನ ಎದೆ, ಕಿವಿಯ ಕಡೆಗೆ ಹೊರಟ ಮೀಸೆ. ಇಷ್ಟೆಲ್ಲ ಗಾಂಭೀರ್ಯ ಇಟ್ಟುಕೊಂಡು ಅವನು ಮಾಡುವ ಕೆಲಸ ಜೆಪಿ ನಗರದ ಅಪಾರ್ಟ್‌ಮೆಂಟುಗಳಿಗೆ ಕುಡಿಯುವ ನೀರಿನ ಕ್ಯಾನು ಹಾಕುವುದು. ಅಲ್ಲಿನವರಿಗೆ ಅವನು ದೇವರಾಜನೂ ಅಲ್ಲ, ಯಮನೂ ಅಲ್ಲ, ಬರೀ ವಾಟರ್. ವಾಟರ್ ಬಂತು ಎಂದು ಒಳಗೆ ಕೂಗಿ ಹೇಳಿ, ಅವನು ಕಾಲಿಡುವ ಮೊದಲೇ ಕಾಲೊರಸು ತೋರಿಸುತ್ತಾರೆ.

ಯಮನಾದದ್ದು ನಾಟಕದಿಂದ. ಹಳೇ ಊರಿನವರು ವರ್ಷಕ್ಕೊಮ್ಮೆ ಪೌರಾಣಿಕ ನಾಟಕ ಆಡುತ್ತಿದ್ದ ಕಾಲದಲ್ಲಿ ವೇಷ ಹಂಚುವುದಕ್ಕೆ ಒಂದು ಪದ್ಧತಿ ಇತ್ತು. ಕಿರೀಟದ ವೇಷ ಊರೊಳಗಿನವರಿಗೆ, ಕೋರೆಹಲ್ಲಿನ ವೇಷ ಕಾಲೋನಿಯವರಿಗೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮೈಕಟ್ಟಿಗೆ ಒಪ್ಪುತ್ತೆ ಎನ್ನುತ್ತಿದ್ದರು, ಅಷ್ಟೆ. ಯಮನಿಗೂ ಕಿರೀಟ ಉಂಟಲ್ಲ ಎಂದರೆ, ಆ ಒಂದು ಕಿರೀಟ ಇಟ್ಟುಕೊಳ್ಳಲು ಊರೊಳಗಿನವರಿಗೆ ಧೈರ್ಯ ಇರಲಿಲ್ಲ. ಹಾಕಿಕೊಂಡ ವರ್ಷವೇ ಮನೆಯಲ್ಲಿ ಯಾರಾದರೂ ಹೋದರೆ ಎಂಬ ಅಂಜಿಕೆ. ಕಾಲೋನಿಯವರ ಮನೆಯಲ್ಲಿ ಹೋದರೆ ಪರವಾಗಿಲ್ಲ ಎಂಬ ಧೈರ್ಯ. ಹೀಗೆ ಕಿರೀಟ ದೇವರಾಜನ ತಲೆಗೆ ಬಂತು, ಇಳಿಯಲಿಲ್ಲ. ಅವನ ಅಪ್ಪ ಮುನಿಯಣ್ಣ ದೀಕ್ಷೆ ತೆಗೆದುಕೊಂಡು, ದೇವರ ಪಟಗಳನ್ನೆಲ್ಲ ಇಳಿಸಿ, ಆ ಮೊಳೆಗೆ ಬುದ್ಧನನ್ನು ನೇತುಹಾಕಿದ ಮನುಷ್ಯ. ಮಗ ಬಣ್ಣ ಹಚ್ಚಿಕೊಂಡು ಹೊರಟಾಗಲೆಲ್ಲ ಅವನು ಗೋಡೆಯ ಕಡೆ ತಿರುಗಿ ಕೂರುತ್ತಿದ್ದ.

ದೇವರಾಜನ ಹೆಂಡತಿ ಲತಾಮಣಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಶರ್ಟಿಗೆ ಕಾಲರ್ ಕೂರಿಸುತ್ತಿದ್ದಳು. ಹೋದ ಮಳೆಗಾಲದಲ್ಲಿ ಗೆಳತಿ ವಾರಿಜಾಳ ಸ್ಕೂಟರಿನ ಹಿಂದೆ ಕೂತು ಕೆಲಸಕ್ಕೆ ಹೊರಟವಳು, ಮಾರ್ಕೆಟ್ಟಿನ ಹಿಂದಿನ ತಿರುವಿನಲ್ಲಿದ್ದ ಗುಂಡಿಗೆ ಬಿದ್ದಳು. ನೀರು ತುಂಬಿಕೊಂಡು ಗುಂಡಿ ರಸ್ತೆಗಿಂತ ನುಣ್ಣಗೆ ಕಾಣುತ್ತಿತ್ತು. ಸೊಂಟದ ಮೂಳೆ ಬಿರುಕು ಬಿಟ್ಟಿತು. ತಿಂಗಳುಗಟ್ಟಲೆ ಮಲಗಿ ಎದ್ದಳು. ಈಗ ನಡೆಯುತ್ತಾಳೆ, ಹೊಲಿಯುತ್ತಾಳೆ, ಬೈಯುತ್ತಾಳೆ, ಎಲ್ಲ ಮೊದಲಿನಂತೆ. ಆ ತಿರುವನ್ನು ಮಾತ್ರ ಗಾಡಿಯ ಮೇಲೆ ದಾಟುವುದಿಲ್ಲ. ಸುತ್ತಿಕೊಂಡು ಹೋದರೆ ಶಿಫ್ಟು ತಪ್ಪುತ್ತದೆ. ಸೂಪರ್‌ವೈಸರ್ ಒಳ್ಳೆಯವನು, ಕೂತು ಮಾಡುವ ಚೆಕಿಂಗ್ ಕೆಲಸ ಇದೆ, ಶಿವರಾತ್ರಿ ಒಳಗೆ ಬಂದರೆ ಬಾ, ಆಮೇಲೆ ಬೇರೆಯವರನ್ನು ತೊಗೋತೀನಿ ಎಂದಿದ್ದ.

"ಆ ಗುಂಡಿ ಮುಚ್ಚಿಸು, ನಾಳೇನೇ ಹೋಗ್ತೀನಿ" ಎಂದಳು ಲತಾಮಣಿ. "ಅದು ಬಾಯಿ ತಕ್ಕೊಂಡಿರೋವರ್ಗೂ ನಾನು ಆ ದಾರೀಲಿ ಗಾಡಿ ಹತ್ತಲ್ಲ. ನೀನು ಯಮ ಅಲ್ವಾ, ಒಂದು ಗುಂಡಿ ನಿನ್ನ ಕೈಲಾಗಲ್ವಾ?"

ಯಮನ ಕೈಲಿ ಆಗಲಿಲ್ಲ. ಪಾಲಿಕೆ ಆಫೀಸಿಗೆ ಹೋದರೆ ಆ್ಯಪಿನಲ್ಲಿ ಹಾಕಿ ಎಂದರು. ಆ್ಯಪಿನಲ್ಲಿ ಫೋಟೊ ಹಾಕಿದರೆ ಸಂಜೆಯೊಳಗೆ ಉತ್ತರ ಬಂತು: ನಿಮ್ಮ ಸಮಸ್ಯೆ ಪರಿಹಾರವಾಗಿದೆ. ದೇವರಾಜ್ ಮೊಪೆಡ್ಡಿನಲ್ಲಿ ಹೋಗಿ ನೋಡಿದ. ಪರಿಹಾರವಾದ ಗುಂಡಿಯಲ್ಲಿ ಒಂದು ನಾಯಿ ಮಲಗಿತ್ತು. ಅದೇ ಮೂಲೆಯ ಬೀದಿದೀಪಕ್ಕೂ ಅದೇ ಉತ್ತರ, ಅದೇ ಕತ್ತಲು. ಈ ಊರಿನಲ್ಲಿ ಗುಂಡಿ ಬಿದ್ದರೆ ಮುಚ್ಚುವ ಪದ್ಧತಿ ಇಲ್ಲ, ಗಿಡ ನೆಡುವ ಪದ್ಧತಿ ಇದೆ. ಯಾರೋ ಪುಣ್ಯಾತ್ಮರು ಹೊಂಗೆಯ ಕೊಂಬೆ ಮುರಿದು ಅದರಲ್ಲಿ ಸಿಕ್ಕಿಸಿದ್ದರು. ಒಣಗಿದಾಗ ಇನ್ನೊಬ್ಬರು ಹೊಸ ಕೊಂಬೆ ಇಡುತ್ತಿದ್ದರು. ಹಸಿರು ಬೆಂಗಳೂರು ಎನ್ನುವುದು ಸುಳ್ಳಲ್ಲ.

ಗುಂಡಿಗೆ ತಂದೆ ಇಲ್ಲ ಎಂದೇನೂ ಅಲ್ಲ. ತಿರುವಿನ ಮೂಲೆಯಲ್ಲಿರುವ ನಾಲ್ಕು ಅಂತಸ್ತಿನ ಪಿಜಿ ಬೈರಣ್ಣನದು. ಅವನಪ್ಪನ ಕಾಲದಲ್ಲಿ ಅಲ್ಲಿ ರಾಗಿ ಬೆಳೆಯುತ್ತಿತ್ತು, ಈಗ ಒಂದೊಂದು ಕೋಣೆಯಲ್ಲಿ ಮೂರು ಮೂರು ಮಂಚ ಬೆಳೆಯುತ್ತವೆ. ಅಷ್ಟು ಮಂಚಗಳ ಕೊಳೆನೀರು ಹೋಗಬೇಕಲ್ಲ, ಪೈಪು ಹಾಕಿಸಲು ಅವನೇ ರಸ್ತೆ ಅಗೆಸಿದ್ದು. ಮೇಲೆ ಒಂದಿಷ್ಟು ಮಣ್ಣು ಎಳೆಸಿ, ಮಳೆ ಬಂದು ಅದು ಕುಸಿದ ಮೇಲೆ ಆ ಕಡೆ ನೋಡುವುದನ್ನೇ ಬಿಟ್ಟದ್ದು. ಇದು ಇಡೀ ಬೀದಿಗೆ ಗೊತ್ತು. ಬೈರಣ್ಣ ಬಡಾವಣೆಯ ನಾಗರಿಕ ಹಿತರಕ್ಷಣಾ ಸಮಿತಿಯ ಅಧ್ಯಕ್ಷ ಎನ್ನುವುದೂ ಗೊತ್ತು. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ.

ಸಂಕ್ರಾಂತಿ ಕಳೆದು ರಸ್ತೆ ಸುರಕ್ಷತಾ ಸಪ್ತಾಹ ಬಂತು. ಸುರಕ್ಷತೆ ಎಂದರೆ ಹೆಲ್ಮೆಟ್ಟು, ಹೆಲ್ಮೆಟ್ಟು ಎಂದರೆ ಯಮ. ಬೈರಣ್ಣನ ಮಗ ರೇವಂತ್ ಈವೆಂಟ್ ಮ್ಯಾನೇಜ್‌ಮೆಂಟ್ ಕಂಪನಿ ನಡೆಸುತ್ತಾನೆ. ಅಪ್ಪನ ಸಮಿತಿಯ ಕಾರ್ಯಕ್ರಮಗಳನ್ನು ಬಿಟ್ಟರೆ ಆ ಕಂಪನಿಗೆ ಹೇಳಿಕೊಳ್ಳುವಂಥ ಗಿರಾಕಿ ಇಲ್ಲ. ಅವನು ದೇವರಾಜನನ್ನು ಕರೆಸಿ ಮೊಬೈಲಿನಲ್ಲಿ ಯಾವುದೋ ದೇಶದ ವೇಷಗಳ ಚಿತ್ರ ತೋರಿಸಿದ. ಮೈಯೆಲ್ಲ ಬೆಳಕು, ಕೈಯಲ್ಲಿ ಉರಿಯುವ ಕತ್ತಿ.

"ಕಾನ್ಸೆಪ್ಟ್ ಸಿಂಪಲ್ ಗುರು. ಯಮ, ಬಟ್ ಗ್ಲೋ ಆಗ್ಬೇಕು. ಸಂಜೆ ಪ್ರೋಗ್ರಾಮು, ರೀಲ್ಸಲ್ಲಿ ಕಾಣ್ಬೇಕಲ್ಲ."

ಇದಕ್ಕೆ ಖರ್ಚು ಎಂದು ದೇವರಾಜ್ ಕೇಳಿದ್ದಕ್ಕೆ, ಬಜೆಟ್ಟೆಲ್ಲ ಸ್ಟೇಜು, ಡ್ರೋನು, ಅತಿಥಿಗಳ ಶಾಲು-ಹಾರಕ್ಕೆ ಹೋಗಿದೆ, ಯಮನಿಗೆ ಅಂತ ಏನೋ ಒಂಚೂರು ಉಳಿದಿದೆ ಎಂಬ ಉತ್ತರ ಬಂತು. ಆ ಒಂಚೂರಿನಲ್ಲಿ ಒಂದು ಶಾಲು ಕೂಡ ಬರುತ್ತಿರಲಿಲ್ಲ. ದೇವರಾಜ್ ಆಗಲ್ಲ ಅನ್ನುವವನಿದ್ದ. ಅಷ್ಟರಲ್ಲಿ ರೇವಂತ್, ಕಾರ್ಯಕ್ರಮ ನಮ್ಮ ಪಿಜಿ ಮುಂದಿನ ತಿರುವಿನಲ್ಲೇ, ಮುಖ್ಯ ಅತಿಥಿ ರಸ್ತೆ ಇಂಜಿನಿಯರ್ ಸಾಹೇಬರು ಎಂದ. ಆ ತಿರುವಿಗೆ, ಆ ಗುಂಡಿಯ ಪಕ್ಕಕ್ಕೆ, ಆ ಇಂಜಿನಿಯರ್ ತಾನಾಗಿ ನಡೆದು ಬರುತ್ತಾನೆ. ದೇವರಾಜ್ ಒಪ್ಪಿಕೊಂಡ.

ಮನೆಯ ಒಂದೇ ಕೋಣೆ ಯಮಲೋಕದ ವರ್ಕ್‌ಶಾಪಾಯಿತು. ಗದೆಯ ತಲೆಗೆ ಮಿಠಾಯಿ ಅಂಗಡಿಯವರು ಜಾಮೂನು ತುಂಬಿಡುವ ಹೊಟ್ಟೆ ಉಬ್ಬಿದ ಬಿಳೀ ಡಬ್ಬ. ಬಿಳಿಯದಾದರೆ ಒಳಗಿನ ದೀಪ ಚುಕ್ಕೆ ಚುಕ್ಕೆಯಾಗಿ ಕಾಣದೆ ಬೆಳಕು ಹರಡಿಕೊಳ್ಳುತ್ತದೆ. ಹಿಡಿಗೆ ಯಾರದೋ ಮನೆ ಕಟ್ಟಿ ಉಳಿದ ಪಿವಿಸಿ ಪೈಪು. ಅದರ ಮೇಲಿನ ಉಂಗುರಗಳು ಲತಾಮಣಿಯ ಹಳೇ ಬಳೆ. ಎದೆಕವಚಕ್ಕೆ ಅಪಾರ್ಟ್‌ಮೆಂಟಿನ ಒಬ್ಬಾಕೆ ಹೊಸ ವರ್ಷಕ್ಕೆ ಕೊಂಡು ಸಂಕ್ರಾಂತಿಯೊಳಗೆ ಕಸಕ್ಕೆ ಹಾಕಿದ ಯೋಗಾ ಮ್ಯಾಟು. ಕಿರೀಟವನ್ನು ರಟ್ಟಿನಲ್ಲಿ ಕತ್ತರಿಸಿ, ಬಂಗಾರದ ಕಾಗದ ಅಂಟಿಸಿ, ಹಳೇ ಹೆಲ್ಮೆಟ್ಟಿನ ಮೇಲೆ ಕೂರಿಸಿದ. ಯಮನೇ ಹೆಲ್ಮೆಟ್ ಹಾಕಿದ ಮೇಲೆ ಉಳಿದವರ ಪಾಡೇನು.

ದೀಪದ ವಿಷಯದಲ್ಲಿ ಮೊದಲು ಎಡವಿದ. ಬನಶಂಕರಿಯಲ್ಲಿ ಆಟೋಗಳಿಗೆ ಲೈಟು ಕೂರಿಸುವ ಅಂಗಡಿಯಿಂದ ಕೆಂಪು ಪಟ್ಟಿ ಅಳೆಸಿಕೊಂಡು ತಂದು ಪವರ್ ಬ್ಯಾಂಕಿಗೆ ಜೋಡಿಸಿದರೆ ಬೆಳಕೇ ಇಲ್ಲ. ಆಟೋ ಪಟ್ಟಿ ಆಟೋ ಬ್ಯಾಟರಿಯನ್ನೇ ಕೇಳುತ್ತದೆ, ಅದನ್ನು ಸೊಂಟಕ್ಕೆ ಕಟ್ಟಿಕೊಂಡರೆ ಯಮನೇ ಹೋಗಿಬಿಡುತ್ತಾನೆ. ಮತ್ತೆ ಹೋಗಿ, ಜಗಳ ಆಡಿ, ಟಿವಿ ಹಿಂದೆ ಅಂಟಿಸುವ, ಮೊಬೈಲ್ ಚಾರ್ಜರಿಗೆ ಸಿಕ್ಕಿಸುವ ಪಟ್ಟಿಗೆ ಬದಲಾಯಿಸಿಕೊಂಡು ಬಂದ. ಲತಾಮಣಿ ನಿಲುವಂಗಿಯ ಅಂಚಿನಲ್ಲಿ ಸಣ್ಣ ಕೊಳವೆಯಂತೆ ಬಟ್ಟೆ ಹೊಲಿದು ಅದರೊಳಗೆ ಪಟ್ಟಿ ತೂರಿಸಿದಳು, ಒಗೆಯುವಾಗ ಎಳೆದು ತೆಗೆಯಲು ಬರುವಂತೆ. ಬೆವರು ವೈರಿಗೆ ತಾಗದ ಹಾಗೆ ಒಳಗೆ ಹಳೇ ರೇನ್‌ಕೋಟಿನ ತುಂಡು ಕೊಟ್ಟಳು. ಎರಡು ಪವರ್ ಬ್ಯಾಂಕು: ಒಂದು ಗದೆಯ ಪೈಪಿನೊಳಗೆ, ಇನ್ನೊಂದು ಸೊಂಟದ ಪಟ್ಟಿಯಲ್ಲಿ. ಸೊಂಟದ್ದು ಕಾದು ಇಸ್ತ್ರಿಪೆಟ್ಟಿಗೆಯಾಗುತ್ತಿತ್ತು. ಮಧ್ಯೆ ಒಂದು ಟವೆಲ್ ಮಡಿಸಿಟ್ಟರು.

ಬಾಗಿಲು ಹಾಕಿ, ಲೈಟು ಆರಿಸಿ, ಸ್ವಿಚ್ಚು ಒತ್ತಿದಾಗ ಕೋಣೆ ಕೆಂಪಾಯಿತು. ಮುನಿಯಣ್ಣ ಗೋಡೆಯ ಕಡೆಯಿಂದ ತಿರುಗಿ ಮಗನನ್ನು ಮೇಲಿನಿಂದ ಕೆಳಗೆ ನೋಡಿದ.

"ಜೀವ ತೆಗಿಯೋಕೆ ಬಂದೋನ ಥರ ಇಲ್ಲ ಕಣೋ. ಸೀರಿಯಲ್ ಸೆಟ್ ಅಂಗಡಿ ಎದ್ದು ಬಂದಂಗಿದೆ."

ಕಾರ್ಯಕ್ರಮದ ದಿನ ದೇವರಾಜ್ ಬಿಸಿಲಿರುವಾಗಲೇ ಹೋದ. ಗುಂಡಿ ಕಾಣಲಿಲ್ಲ. ಒಂದು ಗಳಿಗೆ ಎದೆ ಹಗುರವಾಯಿತು. ಆಮೇಲೆ ಗೊತ್ತಾಯಿತು, ವೇದಿಕೆಯನ್ನೇ ಗುಂಡಿಯ ಮೇಲೆ ಕಟ್ಟಿದ್ದಾರೆ. ಹೊಂಗೆ ಕೊಂಬೆ ಕಿತ್ತು ಕಸದ ಗಾಡಿಗೆ ಎಸೆದಿದ್ದರು, ಹಲಗೆ ಹಾಸಿ ಮೇಲೆ ಕೆಂಪು ಕಾರ್ಪೆಟ್ ಎಳೆದಿದ್ದರು. ಅತಿಥಿಗಳು ಬಂದಾಗ ಗುಂಡಿ ಕಂಡರೆ ಏರಿಯಾದ ಮರ್ಯಾದೆ ಏನಾಗಬೇಕು ಎಂದು ಬೈರಣ್ಣ ತಾನೇ ಮುಂದೆ ನಿಂತು ಮಾಡಿಸಿದ ಕೆಲಸ. ಜನಕ್ಕೆ ತಿಂಗಳುಗಟ್ಟಲೆ ಸಿಗದ ಸಮತಟ್ಟಾದ ನೆಲ ಇಂಜಿನಿಯರನ ಕಾಲಿಗೆ ಅರ್ಧ ದಿನದಲ್ಲಿ ಸಿಕ್ಕಿತು.

ಹೊತ್ತು ಮುಳುಗುವ ಹೊತ್ತಿಗೆ ಯಮ ಹೊತ್ತಿಕೊಂಡು ಬಂದ. ಡ್ರೋನು ಗುಂಯ್‌ಗುಟ್ಟಿತು. ಹೆಲ್ಮೆಟ್ ಇಲ್ಲದ ಪಾಪಿಯಾಗಿ ರೇವಂತನ ಗೆಳೆಯನೊಬ್ಬ ಬಂದ. ಯಮ ಪಾಶ ಎಸೆದ, ಪಾಪಿ ಅತ್ತ, ಹೆಲ್ಮೆಟ್ ಹಾಕಿಕೊಂಡ, ಜನ ಚಪ್ಪಾಳೆ ತಟ್ಟಿದರು. ಅಲ್ಲಿಗೆ ಬರೆದುಕೊಟ್ಟ ಮಾತು ಮುಗಿಯಿತು. ದೇವರಾಜ್ ಇಳಿಯಲಿಲ್ಲ. ಶಾಲು ಹೊದ್ದು ನಿಂತಿದ್ದ ಇಂಜಿನಿಯರನ ಮುಂದೆ ಬಂದು ಗದೆಯಿಂದ ಹಲಗೆ ಕುಟ್ಟಿದ. ಕೆಳಗೆ ಟೊಳ್ಳಾಗಿ ಸದ್ದು ಬಂತು.

"ಸಾರ್, ನೀವು ನಿಂತಿರೋದು ನಮ್ಮ ಬ್ರಾಂಚ್ ಆಫೀಸ್ ಮೇಲೆ. ಈ ಹಲಗೆ ಎತ್ತಿಸಿ ನೋಡಿ. ನನ್ನ ಹೆಂಡ್ತಿ ಇಲ್ಲೇ ಬಿದ್ದಿದ್ದು. ಸೊಂಟ ಮುರ್ದು ವಾಪಸ್ ಕಳಿಸಿದೀನಿ. ಮುಂದಿನೋರನ್ನ ಪೂರ್ತಿ ಇಟ್ಕೊಳ್ಳೋದಾ, ಹೆಂಗೆ?"

ಅವನ ದನಿ ನಾಟಕದ್ದಲ್ಲ. ಆದರೆ ಅವನ ತಲೆಯ ಮೇಲೆ ಮಿಣುಕುವ ಕಿರೀಟ ಇತ್ತು, ಎದೆಯಲ್ಲಿ ಕೆಂಪು ಪಟ್ಟಿ ಓಡಾಡುತ್ತಿತ್ತು. ಅಂಥವನು ನಿಜ ಹೇಳಿದರೆ ಯಾರಿಗೆ ಗೊತ್ತಾಗುತ್ತದೆ. ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಇಂಜಿನಿಯರ್. ಯಮಧರ್ಮರಾಯರಿಗೆ ಸಖತ್ ಹ್ಯೂಮರ್ ಸೆನ್ಸ್ ಇದೆ ಎಂದು ಮೈಕಿನಲ್ಲಿ ಹೇಳಿ, ಪಾಶವನ್ನು ತನ್ನ ಕೊರಳಿಗೆ ತಾನೇ ಹಾಕಿಕೊಂಡು ಸೆಲ್ಫಿ ತೆಗೆದುಕೊಂಡ. ಆಮೇಲೆ ಇಪ್ಪತ್ತು ನಿಮಿಷ ಹೆಲ್ಮೆಟ್ಟಿನ ಮಹತ್ವ ಮಾತಾಡಿ ಕಾರು ಹತ್ತಿದ. ಬೈರಣ್ಣ ಯಮನ ಬೆನ್ನು ತಟ್ಟಿ, ಚೆನ್ನಾಗಿ ನಗಿಸ್ದೆ ಕಣೋ ಎಂದ.

ವೇದಿಕೆ ಬಂದಷ್ಟೇ ಬೇಗ ಎದ್ದು ಹೋಯಿತು. ಕಾರ್ಪೆಟ್ ಸುತ್ತಿದರು, ಹಲಗೆ ಹೇರಿದರು, ಗುಂಡಿ ಮತ್ತೆ ಬಾಯಿ ತೆರೆಯಿತು. ಈಗ ಅದರಲ್ಲಿ ಹೊಂಗೆ ಕೊಂಬೆಯೂ ಇರಲಿಲ್ಲ. ಬೀದಿದೀಪ ಎಂದಿನಂತೆ ಕಣ್ಣು ಮುಚ್ಚಿತ್ತು. ಕೆಲಸ ಬಿಟ್ಟು ಮನೆಗೆ ಹೋಗುವವರ ಗಾಡಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಊಟ ಹೊತ್ತ ಡೆಲಿವರಿಯವನೊಬ್ಬ ಕೊನೇ ಕ್ಷಣದಲ್ಲಿ ಕಂಡು ಗಾಡಿ ತಿರುಗಿಸಿ ಗೋಡೆಗೆ ಉಜ್ಜಿಕೊಂಡು ಹೋದ. ದೇವರಾಜ್ ಸುತ್ತ ನೋಡಿದ. ಮುರಿಯಲು ಮರ ಇಲ್ಲ, ಇಡಲು ಡಬ್ಬ ಇಲ್ಲ. ಕೈಯಲ್ಲಿ ಇದ್ದದ್ದು ಗದೆ. ಅದನ್ನೇ ಗುಂಡಿಯ ನಡುವೆ ನೆಟ್ಟು, ಬುಡಕ್ಕೆ ಕಲ್ಲು ಒತ್ತಿ, ಸ್ವಿಚ್ಚು ಹಾಕಿ ಹೊತ್ತಿಸಿ ಮನೆಗೆ ನಡೆದ. ದೂರದಿಂದ ನೋಡಿದರೆ ನೆಲದಿಂದ ಒಂದು ಕೆಂಪು ತಲೆ ಎದ್ದು ಬಂದ ಹಾಗಿತ್ತು. ಗಾಡಿಗಳು ನಿಧಾನ ಮಾಡತೊಡಗಿದವು.

ಬೆಳಿಗ್ಗೆ ಗದೆಯ ಮೇಲೆ ಚೆಂಡುಹೂವಿನ ಹಾರ ಇತ್ತು. ಮಾರ್ಕೆಟ್ಟಿನ ಹೂವಿನ ಶಂಕ್ರವ್ವ, ಮಾರಿ ಉಳಿದದ್ದು ಬಾಡಿ ಹೋಗುವ ಬದಲು ಇರಲಿ ಎಂದು ಹಾಕಿದ್ದು. ಹಾರ ಕಂಡ ಮೇಲೆ ಕುಂಕುಮ ಬಂತು. ಕುಂಕುಮ ಕಂಡ ಮೇಲೆ ನಿಂಬೆಹಣ್ಣು. ಬ್ರೇಕು ಹಿಡಿಯದೆ ಬಂದ ಆಟೋ ಒಂದು ಅದರ ಮುಂದೆ ತಾನಾಗಿ ನಿಂತಿತು ಎಂದು ಡ್ರೈವರ್ ಪ್ರಮಾಣ ಮಾಡಿ ತೆಂಗಿನಕಾಯಿ ಒಡೆದ. ವಾರ ಕಳೆಯುವಷ್ಟರಲ್ಲಿ ಅದಕ್ಕೆ ಗದೆಯಪ್ಪ ಎಂದು ಹೆಸರಾಯಿತು. ಗದೆಯಪ್ಪನ ಜೀವ ಇದ್ದದ್ದು ಪವರ್ ಬ್ಯಾಂಕಿನಲ್ಲಿ. ದೇವರಾಜ್ ದಿನಾ ಸಂಜೆ ಕ್ಯಾನು ಹಾಕಿ ಬರುತ್ತ, ಅರೆ ಖಾಲಿಯಾದದ್ದನ್ನು ತೆಗೆದು ತುಂಬಿದ್ದನ್ನು ತೂರಿಸಿ ಹೋಗುತ್ತಿದ್ದ. ಮೂರನೆಯ ದಿನ ಅವನು ಪೈಪಿನ ಬಿರಡೆ ಬಿಚ್ಚುತ್ತಿದ್ದರೆ ಪಕ್ಕದಲ್ಲಿ ಇಬ್ಬರು ಹೆಂಗಸರು ಕಣ್ಣು ಮುಚ್ಚಿ ನಿಂತಿದ್ದರು.

ಮುನಿಯಣ್ಣ ಈ ಸಲ ಗೋಡೆಯ ಕಡೆ ತಿರುಗಲಿಲ್ಲ.

"ನಾವು ದೇವರನ್ನ ಬಿಟ್ಟು ಬಂದೋರು ಕಣೋ. ನೀನು ಹೋಗಿ ಹೊಸದೊಂದು ಹುಟ್ಟಿಸಿ ಬಂದಿದೀಯಲ್ಲೋ."

ಕಿತ್ತು ತರುತ್ತೇನೆ ಎಂದು ದೇವರಾಜ್ ಎದ್ದ. ಲತಾಮಣಿ ತಡೆದಳು. ಅವಳು ಅವತ್ತು ಮಧ್ಯಾಹ್ನ ನಡೆದುಕೊಂಡೇ ಹೋಗಿ ನೋಡಿ ಬಂದಿದ್ದಳು. ಜನ ಗುಂಡಿ ಬಳಸಿಕೊಂಡು ಪ್ರದಕ್ಷಿಣೆ ಹಾಕುತ್ತಿದ್ದಾರೆ, ಯಾರಾದರೂ ಕಾಲು ಜಾರಿ ಬಿದ್ದರೆ ಆವಾಗ ಮುಚ್ಚುತ್ತಾರೆ, ಇರಲಿ ಬಿಡು ಎಂದಳು. ದೇವರಾಜ್ ಮತ್ತೆ ಕೂತ. ಶಿವರಾತ್ರಿ ಹತ್ತಿರ ಬರುತ್ತಿತ್ತು.

ಯಾರೂ ಬೀಳುವ ಅಗತ್ಯ ಬರಲಿಲ್ಲ. ಗದೆಯಪ್ಪ ಬೈರಣ್ಣನ ಕನಸಿನಲ್ಲಿ ಬಂದ. ಬಂದವನು, ನನ್ನನ್ನು ಹಳ್ಳದಲ್ಲಿ ನಿಲ್ಲಿಸಿದ್ದೀಯಲ್ಲ ಎಂದು ಕೇಳಿದನಂತೆ. ಲತಾಮಣಿಯ ಸೊಂಟ ಮುರಿದಾಗ ಒಂದು ಬುಟ್ಟಿ ಮಣ್ಣು ಹುಟ್ಟದ ಕಡೆ ಮರುದಿನವೇ ಜಲ್ಲಿ, ಮರಳು, ಸಿಮೆಂಟು ಬಂದು ಬಿದ್ದವು. ಗುಂಡಿ ತುಂಬಿತು, ಮೇಲೆ ಗದೆಯ ಸುತ್ತ ಕಟ್ಟೆ ಎದ್ದಿತು, ಕಟ್ಟೆಗೆ ಟೈಲ್ಸು, ಟೈಲ್ಸಿಗೆ ದಾನಿಗಳ ಹೆಸರು. ಪ್ರತಿಷ್ಠೆಗೆ ಇಂಜಿನಿಯರ್ ಸಾಹೇಬರು ಬರುತ್ತಾರೆಂದು ಹಿಂದಿನ ದಿನ ಸುತ್ತಮುತ್ತ ಡಾಂಬರನ್ನೂ ಬಳಿದರು. ರಸ್ತೆ ಒಂದು ಮಾರು ಕಿರಿದಾಯಿತು. ಯಾರೂ ಆ್ಯಪಿನಲ್ಲಿ ದೂರು ಕೊಡಲಿಲ್ಲ.

ಪ್ರತಿಷ್ಠೆಯ ಸಂಜೆ ದೇವರಾಜ್ ಎಂದಿನಂತೆ ಕೈಯಲ್ಲಿ ಪವರ್ ಬ್ಯಾಂಕ್ ಹಿಡಿದುಕೊಂಡು ಕಟ್ಟೆಯ ಹತ್ತಿರ ಹೋದ. ಬೈರಣ್ಣ ರೇಷ್ಮೆ ಪಂಚೆಯಲ್ಲಿ ಅಡ್ಡ ನಿಂತ.

"ಏಯ್ ದೇವ್ರಾಜ, ಅಲ್ಲೇ ನಿಂತ್ಕೋ. ಮುಟ್ಬೇಡ."

"ಬೈರಣ್ಣ, ಬ್ಯಾಟರಿ ಹಾಕ್ಬೇಕು. ಇಲ್ದಿದ್ರೆ ಆರೋಗುತ್ತೆ."

"ಪೂಜೆ ಆಗಿದೆ ಕಣೋ. ಇನ್ಮೇಲೆ ಕಟ್ಟೆ ಹತ್ರ ನಿಮ್ಮೋರು ಬರ್ಬಾರ್ದು. ದೂರದಿಂದ ಕೈ ಮುಗ್ಕೊಂಡು ಹೋಗು, ಯಾರು ಬೇಡ ಅಂತಾರೆ."

ದೇವರಾಜ್ ಪವರ್ ಬ್ಯಾಂಕ್ ಹಿಡಿದುಕೊಂಡೇ ನಿಂತ. ಸುತ್ತ ಜನ ಇದ್ದರು. ಒಳಗೆ ಇರುವುದು ಜಾಮೂನಿನ ಡಬ್ಬ, ಮೇಲಿರುವುದು ತನ್ನ ಹೆಂಡತಿಯ ಬಳೆ ಎಂದು ಕೂಗಿ ಹೇಳಬಹುದಿತ್ತು. ಕೂಗಲಿಲ್ಲ, ಮೆಲ್ಲಗೆ ಬೈರಣ್ಣನ ಕಿವಿಗೆ ಬೀಳುವಷ್ಟು ಹೇಳಿದ. ಬೈರಣ್ಣನಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಗೊತ್ತು ಬಿಡೋ. ನಮ್ಮ ರೇವಂತನೇ ಮಾಡಿಸಿದ್ದಲ್ವಾ? ಗೊತ್ತಿದ್ರೂ ಮುಟ್ಬೇಡ."

ಈ ಮಾತಿಗೆ ಎದುರಾಡಲು ದೇವರಾಜನಿಗೆ ಒಂದೇ ದಾರಿ ಇತ್ತು: ಗದೆ ಕಿತ್ತು ತನ್ನ ಮನೆಗೆ ಒಯ್ಯುವುದು. ಕಿತ್ತರೆ ಕಟ್ಟೆ ಒಡೆಯುತ್ತದೆ, ಕಟ್ಟೆ ಒಡೆದರೆ ಕೆಳಗೆ ಅದೇ ಗುಂಡಿ. ಅವನು ಕಪ್ಪಗೆ ಹೊಳೆಯುವ ಹೊಸ ಡಾಂಬರನ್ನು ನೋಡಿದ, ಚಪ್ಪಲಿ ಕಾಲಲ್ಲಿ ಒತ್ತಿ ನೋಡಿದ. ಗಟ್ಟಿ ಇತ್ತು. ಪವರ್ ಬ್ಯಾಂಕ್ ಜೇಬಿಗೆ ಹಾಕಿಕೊಂಡು ತಿರುಗಿದ.

ಕೆಂಪು ತಲೆ ಎರಡನೆಯ ಸಂಜೆ ಮಂಕಾಯಿತು, ಮೂರನೆಯ ಸಂಜೆ ಆರಿತು. ದೇವರು ಮುನಿದಿದ್ದಾನೆ ಎಂದು ಬೀದಿಯಲ್ಲಿ ಸುದ್ದಿ ಹಬ್ಬಿತು. ದೇವರಾಜ್ ಕ್ಯಾನು ಹಾಕುತ್ತ ಹೋಗಿ ಬಂದು ಮಾಡಿದ, ತಲೆ ಎತ್ತಲಿಲ್ಲ. ನಾಲ್ಕನೆಯ ದಿನ ಲೈನ್‌ಮ್ಯಾನುಗಳು ಏಣಿ ಹಾಕಿ, ವರ್ಷಗಟ್ಟಲೆ ಸತ್ತಿದ್ದ ಕಂಬಕ್ಕೆ ಜೀವ ಕೊಟ್ಟು, ಅಲ್ಲಿಂದ ಒಂದು ವೈರು ಎಳೆದು ಕಟ್ಟೆಗೆ ದೊಡ್ಡ ಬಲ್ಬು ಹಾಕಿದರು. ಕಂಬದ ದೀಪವೂ ಜೊತೆಗೇ ಹತ್ತಿತು. ಜನ ಕೇಳಿ ಕೇಳಿ ಬಾಯಿ ಒಣಗಿದ್ದೆಲ್ಲ ಜಾಮೂನಿನ ಡಬ್ಬಕ್ಕೆ ಕೇಳದೆಯೇ ಸಿಕ್ಕಿತು.

ಶಿವರಾತ್ರಿಗೆ ಎರಡು ದಿನ ಮುಂಚೆ ಲತಾಮಣಿ ಟಿಫಿನ್ ಡಬ್ಬಿ ಕಟ್ಟಿಕೊಂಡು ದೇವರಾಜನ ಮೊಪೆಡ್ ಹತ್ತಿದಳು. ಮೊದಲ ದಿನ ಅವನೇ ಬಿಟ್ಟು ಬರುವುದೆಂದು ಮಾತಾಗಿತ್ತು. ತಿರುವು ಹತ್ತಿರವಾದಂತೆ ಅವಳ ಕೈ ಅವನ ಹೆಗಲನ್ನು ಹಿಂಡಿತು. ಮುಂದೆ ಹೋಗುತ್ತಿದ್ದ ಗಾಡಿಗಳೆಲ್ಲ ಕಟ್ಟೆಯ ಮುಂದೆ ನಿಧಾನ ಮಾಡಿದವು. ಬೋಳುತಲೆಯ ಸವಾರನೊಬ್ಬ ಹ್ಯಾಂಡಲ್ಲಿನಿಂದ ಎರಡೂ ಕೈ ಬಿಟ್ಟು, ಕಣ್ಣು ಮುಚ್ಚಿ ಗದೆಯಪ್ಪನಿಗೆ ಕೈ ಮುಗಿದ. ಅವನ ಹೆಲ್ಮೆಟ್ಟು ಕನ್ನಡಿಗೆ ನೇತಾಡುತ್ತಿತ್ತು.

"ನಿಧಾನ ಮಾಡ್ಬೇಡ" ಎಂದಳು ಲತಾಮಣಿ ಅವನ ಬೆನ್ನಿಗೆ. "ಹೋಗ್ತಾ ಇರು."

ದೇವರಾಜ್ ನಿಧಾನ ಮಾಡಲಿಲ್ಲ, ಆ ಕಡೆ ನೋಡಲೂ ಇಲ್ಲ. ತಿರುವು ದಾಟಿತು. ಅವಳ ಕೈ ಸಡಿಲವಾಯಿತು. ಎರಡು ಅಡ್ಡರಸ್ತೆ ಮುಂದೆ ಹೋಗುವಷ್ಟರಲ್ಲಿ ಮೊಪೆಡ್ ಗಕ್ಕನೆ ನಿಂತಿತು. ಅಲ್ಲಿ ಯಾವುದೋ ಕೇ‌ಬಲ್ಲಿಗೆ ಹೊಸದಾಗಿ ಅಗೆದು ಬಿಟ್ಟುಹೋಗಿದ್ದರು. ಮಧ್ಯೆ ಹಸಿ ಹೊಂಗೆಯ ಕೊಂಬೆ, ಇನ್ನೂ ಎಲೆ ಬಾಡಿರಲಿಲ್ಲ.

ಲತಾಮಣಿ ಅವನ ಹೆಗಲ ಮೇಲಿಂದ ಬಗ್ಗಿ ಗುಂಡಿಯ ಆಳ ನೋಡಿದಳು.

"ಮನೇಲಿ ಇನ್ನೊಂದು ಜಾಮೂನ್ ಡಬ್ಬ ಇದೆ" ಎಂದಳು. "ಈ ಸಲ ಮಾಡ್ದಾಗ ನಿಮ್ಮಪ್ಪನಿಗೆ ಹೇಳ್ಬೇಡ."